ತವರದ ಕೂಗು

ಗಾಜಿಯಾಂಟೆಪ್ಪಿನ ತಾಮ್ರದೋಣಿಯಲ್ಲಿ
ಮಾತು ಆಡುವುದಿದ್ದರೆ
ಸುತ್ತಿಗೆಯ ಎರಡೇಟಿನ ನಡುವೆ ಆಡಿ ಮುಗಿಸಬೇಕು.
ಸಫೆತ್ ಉಸ್ತಾನಿಗೆ ಅಷ್ಟು ಸಾಕು.
ನಾನು ಕೆಲಸಕ್ಕೆ ಸೇರಿದ ದಿನ ಕೈಗೆರಡು ಕೋಲು ಕೊಟ್ಟ,
ನೋಡಲು ಅವಳಿಜವಳಿ, ಎರಡೂ ಮಾಸಲು.
"ಕಿವಿಗೆ ಹಿಡಿದು ಬಗ್ಗಿಸು."
ಒಂದು ಕಿರುಗುಟ್ಟಿತು,
ತೆಳು ಮಂಜುಗಡ್ಡೆಯ ಮೇಲೆ ಯಾರೋ ಕಾಲಿಟ್ಟ ಹಾಗೆ.
ಇನ್ನೊಂದು ಸುಮ್ಮನೆ ಬಾಗಿತು.
"ಕೂಗಿದ್ದು ಕಲಾಯ್, ತವರ. ಸುಮ್ಮನಿದ್ದದ್ದು ಸೀಸ.
ಬೆಸುಗೆಯೆಂದರೆ ಹೆಚ್ಚಿನಂಶ
ಇವರಿಬ್ಬರ ಪಾಲು ಪಂಚಾಯ್ತಿ."

ಒಡೆದದ್ದೆಲ್ಲಿ ಎಂದು ಅವನು ಕೇಳುವುದಿಲ್ಲ.
ಒಳಗೇನು ಹೊಯ್ಯುತ್ತೀರಿ, ಅದೊಂದೇ ಪ್ರಶ್ನೆ.

ರೇಡಿಯೋ ತಂದ ನಿವೃತ್ತ ಪೋಸ್ಟ್‌ಮಾಸ್ತರರು ನಕ್ಕರು: "ಹಾಡು."
ಅದಕ್ಕೆ ತವರ ಅರವತ್ತಮೂರು, ಸೀಸ ಮೂವತ್ತೇಳು.
ನೀರಾಗಿದ್ದದ್ದು ಕಲ್ಲಾಗಲು ಕಣ್ಣೆವೆ ಸಾಕು,
ತಂತಿ ಅನುಮಾನಿಸುವಷ್ಟೂ ಹೊತ್ತಿಲ್ಲ.
ಮಳೆನೀರಿನ ತಗಡುದೋಣಿಗಾದರೆ ಹತ್ತಕ್ಕೆ ಏಳು ಸೀಸ.
ಅದು ಅವಸರದ್ದಲ್ಲ, ನಾದಿದ ಹಿಟ್ಟಿನ ಹಾಗೆ ಕಾಯುತ್ತದೆ,
ಎಣ್ಣೆಬಟ್ಟೆಯಲ್ಲಿ ಸವರಿ ಸವರಿ ಕೂರಿಸಬಹುದು.
(ಒಮ್ಮೆ ನಾನು ಆ ಕೋಲಿನಿಂದಲೇ ರೇಡಿಯೋ ಬೆಸೆದೆ.
ಉಸ್ತಾ ಬಯ್ಯಲಿಲ್ಲ. ಅದನ್ನು ಹಚ್ಚಿ
ಇಡೀ ಮಧ್ಯಾಹ್ನ ಆ ಗೊರಗೊರ ಕೇಳಿಸಿದ.)
ತವರದ್ದೇ ಹಳೇ ತಟ್ಟೆ ಬಂದರೆ ಕೈ ತಡೆಯುತ್ತಾನೆ,
ಬಿಸ್ಮತ್ ಬೆರೆತ ಕಡ್ಡಿ ಹುಡುಕುತ್ತಾನೆ,
ಕುದಿವ ನೀರಿನ ಬಿಸಿಗೇ ಕರಗುವಂಥದ್ದು.
ಬೇರೇನು ಹಚ್ಚಿದರೂ ಮೊದಲು ತಟ್ಟೆಯೇ ಹರಿದುಹೋದೀತು,
ತೇಪೆ ಹಾಕಲು ಹೋಗಿ ಅಂಗಿಯನ್ನೇ ಸುಟ್ಟಂತೆ.

ಬಾಯಿಗೆ ಹೋಗುವುದಕ್ಕೆ ಮಾತ್ರ ಸೀಸ ಸೋಕಿಸುವುದಿಲ್ಲ.
ತವರ ತೊಂಬತ್ತಾರು, ಬೆಳ್ಳಿ ನಾಲ್ಕು.
ದುಬಾರಿ ಎಂದವರಿಗೆ
ಪಾತ್ರೆಯನ್ನು ಹಾಗೆಯೇ ಕಾಗದ ಸುತ್ತಿ ವಾಪಸು ಕೊಡುತ್ತಾನೆ.

ಜನವರಿಯಲ್ಲಿ ನೆಜಾಹತ್ ಬಂದಳು, ಓಣಿಯಾಚೆಯ ರೊಟ್ಟಿಭಟ್ಟಿಯವಳು,
ಬಗಲಲ್ಲಿ ಕೊಡದಂಥ ಚಹಾ ಕೆಟಲ್.
"ಮೂತಿಯ ಬುಡ ಒಸರುತ್ತಿದೆ.
ನಮ್ಮ ಭಟ್ಟಿಯ ಹುಡುಗರೆಲ್ಲ ಇದರದ್ದೇ ಕುಡಿದು ಬೆಳೆದವರು."
ಉಸ್ತಾ ಕನ್ನಡಕ ಏರಿಸಿ ಬೆಸುಗೆ ನೋಡಿದ.
ಉಗುರೂರಿದ, ನಾಟಿತು.
ಹಳೇ ಪತ್ರಿಕೆಯ ಅಂಚಿಗೆ ಉಜ್ಜಿದ, ಬೂದು ಗೆರೆ ಮೂಡಿತು.
ಗೆರೆಗಿಂತ ಮೊದಲು ನಾನು ಕಂಡದ್ದು
ಬೆಸುಗೆಯ ಕೊನೆಗಿದ್ದ ಪುಟ್ಟ ಬಾಲ,
ಎಡಕ್ಕೆ ತಿರುಗಿದ್ದು.
ಈ ಓಣಿಯಲ್ಲಿ ಎಡಗೈಯವನು ಒಬ್ಬನೇ.

"ಯಾರೋ ಹಾಳು ಮಾಡಿದ್ದಾರಲ್ಲವೇ?" ಎಂದಳು.
ಪಕ್ಕದಂಗಡಿಯ ಸುತ್ತಿಗೆ ಬಿತ್ತು. ಮತ್ತೆ ಬಿತ್ತು.
ಮೂರನೆಯದಕ್ಕೂ ಅವನು ಕಾದ.
"ಕೈ ಒಳ್ಳೆಯದೇ. ಕೋಲು ತಪ್ಪು.
ಆ ಚಳಿಗಾಲ ತವರ ಸಿಕ್ಕಿರಲಿಲ್ಲ."
ಯಾವ ಚಳಿಗಾಲವೆಂದು ಅವಳು ಹೇಳಿಯೇ ಇರಲಿಲ್ಲ.

ಕಾಯಿಸಿ ಒರೆಸಿದೆವು. ಕೆರೆದೆವು. ಮತ್ತೆ ಕಾಯಿಸಿದೆವು.
ತಾಮ್ರ ಎಳೆಗೂಸಿನ ಅಂಗಾಲಿನಷ್ಟು ಕೆಂಪಾದ ಮೇಲೂ
ಅವನು ಕೆರೆಯುತ್ತಲೇ ಇದ್ದ,
ಇನ್ನು ಸಾಕು, ತೂತು ಬಿದ್ದೀತು, ಎಂದು ನಾನು ಹೇಳುವ ತನಕ.
ನವಸಾಗರದ ಹೊಗೆ ಕಣ್ಣಿಗೆ ಹೋಯಿತು, ಇಬ್ಬರಿಗೂ.
ಹೊಸ ಬೆಸುಗೆ ಸಂದಿಗೆ ಓಡಿತು,
ದಾರಿ ಮೊದಲೇ ಗೊತ್ತಿದ್ದ ಹಾಗೆ.

"ನೀರಿರುವ ತನಕ ಇದು ಕರಗದು.
ಬರಿದೇ ಒಲೆಯ ಮೇಲೆ ಮರೆಯಬೇಡಿ."
ದುಡ್ಡು ಮುಟ್ಟಲಿಲ್ಲ. ಅವಳಿಗೆ ಸಿಟ್ಟು ಬಂತು,
"ನಾನೇನು ಬೇಡಲು ಬಂದವಳೇ?"
ಬೆಳಿಗ್ಗೆ ಹುಡುಗನ ಕೈಲಿ ಎರಡು ರೊಟ್ಟಿ ಕಳಿಸಿದಳು.
ಉಸ್ತಾ ನನಗೇ ಎರಡೂ ತಿನ್ನಿಸಿದ.

ಕೆರೆದ ಸೀಸವನ್ನು ಅವನು ತಗಡುದೋಣಿಯ ಡಬ್ಬಕ್ಕೆ ಹಾಕಲಿಲ್ಲ.
ಆ ಸಂಜೆ ಕರಗಿಸಿ ಬೆರಳುದ್ದದ ಕಡ್ಡಿ ಎರೆದ,
ಆರಿದ ಮೇಲೆ ಬಾಗಿಲಿಗೆ ಬೆನ್ನು ಮಾಡಿ ನಿಂತು
ಕಿವಿಗೆ ಹಿಡಿದು ಬಗ್ಗಿಸಿದ.
ಬಾಗಿತು.
ಇನ್ನೊಮ್ಮೆ ಬಗ್ಗಿಸಿದ.
ಪಕ್ಕದಂಗಡಿಯ ಸುತ್ತಿಗೆ ಆಗಲೇ ನಿಂತಿತ್ತು.